ಜೀವನಾಂಶದ ಹಣ ಮತ್ತು ಅದನ್ನು ತರುವ ಕೈ: ನರಸಾಪುರ ಹೋಬಳಿಯನ್ನು ಕುರಿತು ಒಂದು ವಿಚಾರ

ಕೋಲಾರ ಸೀಮೆಯ ಚರಿತ್ರೆಯನ್ನು ಬರೆಯುವವರು ಗಂಗರ ಶಾಸನಗಳಿಂದ ಮೊದಲುಗೊಂಡು ಚಿನ್ನದ ಗಣಿಗಳವರೆಗೆ ಬಂದು ನಿಲ್ಲುವುದು ವಾಡಿಕೆ. ತಂದೆಯಿಂದ ದೂರವಾದ ಮಗುವಿನ ಅನ್ನವು ಯಾರ ಕೈಯಿಂದ ಬಂದಿತೆಂಬುದೂ ಚರಿತ್ರೆಯ ವಿಷಯವೇ. ಕೋಲಾರ ತಾಲ್ಲೂಕಿನ ನರಸಾಪುರ ಹೋಬಳಿಯನ್ನು ಕಣ್ಣಮುಂದಿಟ್ಟುಕೊಂಡು ಅದನ್ನಿಲ್ಲಿ ಸ್ಥೂಲವಾಗಿ ಪರಿಶೀಲಿಸುತ್ತೇವೆ.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 488ನೆಯ ಕಲಮು, ಶಕ್ತಿಯಿದ್ದೂ ಮಗುವನ್ನು ಪೋಷಿಸದ ತಂದೆಗೆ ತಿಂಗಳ ಜೀವನಾಂಶವನ್ನು ವಿಧಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದಿತು. ಮಗು ವಿವಾಹದಿಂದ ಹುಟ್ಟಿದುದೇ ಅಲ್ಲವೇ ಎಂಬ ಭೇದವನ್ನು ಅದು ಎಣಿಸಲಿಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಪರಮಾವಧಿ 50 ರೂಪಾಯಿ. 1923ರಲ್ಲಿ 100, 1955ರಲ್ಲಿ 500. ಈ ಕೋಡು ಮೈಸೂರು ರಾಜ್ಯಕ್ಕೆ ನೇರವಾಗಿ ಅನ್ವಯವಾದುದು 1951ರಲ್ಲಿ. ಐನೂರರ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು. ಆ 46 ವರ್ಷಗಳಲ್ಲಿ ರಾಗಿಯ ಬೆಲೆ ಎಲ್ಲಿಂದ ಎಲ್ಲಿಗೇರಿತೆಂಬುದನ್ನು ವಾಚಕರೇ ಬಲ್ಲರು.

ಮಿತಿಗಿಂತಲೂ ದೂರವೇ ದೊಡ್ಡ ತೊಡಕಾಗಿದ್ದಿತೆಂದು ನಮಗೆ ತೋರುತ್ತದೆ. ಹಳೆಯ ಕೋಡಿನಂತೆ, ಗಂಡನಿರುವ ಅಥವಾ ದಂಪತಿಗಳು ಕಡೆಯದಾಗಿ ಒಟ್ಟಿಗಿದ್ದ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಬೇಕು. ಬೆಂಗಳೂರಿನ ಸಂಸಾರ ಮುರಿದು ನರಸಾಪುರದ ತವರಿಗೆ ಮಗುವಿನೊಡನೆ ಬಂದವಳು ಮತ್ತೆ ಬೆಂಗಳೂರಿಗೇ ಅಲೆಯಬೇಕಾಗಿದ್ದಿತು. 1973ರ ಸಂಹಿತೆಯ 126ನೆಯ ಕಲಮು ಹೆಂಡತಿ ವಾಸಿಸುವ ಜಿಲ್ಲೆಯನ್ನೂ ಸೇರಿಸಿತು. ಕೋಲಾರದ ನ್ಯಾಯಾಲಯದ ಬಾಗಿಲು ಅವಳಿಗೆ ತೆರೆದುದು ಹೀಗೆ.

ಆಜ್ಞೆಯಾದ ಮಾತ್ರಕ್ಕೆ ಹಣ ಬರುವುದಿಲ್ಲ. ಬಾಕಿಯನ್ನು ಜುಲ್ಮಾನೆಯಂತೆ ವಸೂಲು ಮಾಡಬೇಕು: ಚರಾಸ್ತಿಯ ಜಪ್ತಿ, ಇಲ್ಲವೇ ಭೂಕಂದಾಯದ ಬಾಕಿಯೆಂದು ವಸೂಲು ಮಾಡುವಂತೆ ಡೆಪ್ಯುಟಿ ಕಮೀಷನರಿಗೆ ವಾರಂಟು. ಆದರೂ ಕೊಡದಿದ್ದರೆ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. ಸೆರೆ ಅನುಭವಿಸಿದರೆ ಸಾಲ ತೀರಿತೆಂಬ ವಾದವನ್ನು ಸುಪ್ರೀಂ ಕೋರ್ಟು 1988ರ ಕುಲದೀಪ್ ಕೌರ್ ಪ್ರಕರಣದಲ್ಲಿ ತಳ್ಳಿಹಾಕಿತು.

ಅಮೆರಿಕವು 1975ರಲ್ಲಿಯೇ ಈ ವಸೂಲಿಯ ಹೊಣೆಯನ್ನು ರಾಜ್ಯಗಳ ಇಲಾಖೆಗಳಿಗೆ ವಹಿಸುವ ಏರ್ಪಾಡು ಮಾಡಿತು. ನಮ್ಮಲ್ಲಿ ಅಂತಹ ಇಲಾಖೆ ಹುಟ್ಟಲಿಲ್ಲ. ಅದರ ಹತ್ತಿರಕ್ಕೆ ಬರುವುದು ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಅಧಿನಿಯಮ. ಅದರಡಿ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾದರು. ಸಂಬಳದಿಂದಲೇ ಹಣವನ್ನು ನೇರವಾಗಿ ಕೊಡುವಂತೆ ಮಾಲಿಕನಿಗೆ ಆಜ್ಞಾಪಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಬಂದಿತು. 2013ರಲ್ಲಿ ಹೋಂಡಾ ಕಾರ್ಖಾನೆ ತೆರೆದ ಬಳಿಕ ತಿಂಗಳ ಸಂಬಳದವರು ಹೆಚ್ಚಿದ ನರಸಾಪುರದಂತಹ ಊರಿಗೆ, ಹೊಲ ದನಗಳ ಜಪ್ತಿಗಿಂತ ಇದು ಹೆಚ್ಚು ಒಪ್ಪುವ ಉಪಾಯ. ಆದರೆ ಅಧಿಕಾರಿಯು ಅರ್ಜಿಗೆ ನೆರವಾಗುವನೇ ಹೊರತು ಹಣವನ್ನು ತಾನೇ ಪಡೆದು ಹಂಚುವವನಲ್ಲ.

2024ರ ಜುಲೈ 1ರಿಂದ ಈ ವಿಷಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಕಂತು ತಪ್ಪಿದಾಗ ವಾರಂಟಿಗಾಗಿ ಒಂದು ವರ್ಷದೊಳಗೆ ಅರ್ಜಿ ಕೊಡಬೇಕೆಂಬ ಹಳೆಯ ಗಡುವು ಅದರಲ್ಲಿಯೂ ಹಾಗೆಯೇ ಉಳಿದಿದೆ.