ಬೇರೆ ಬೇರೆ ಕಾಲದ ಎನ್‌ಬಿಎ ತಂಡಗಳ ಹೋಲಿಕೆ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ತಂಡ ಯಾವುದೆಂಬ ಚರ್ಚೆ ಬಾಸ್ಟನ್ ಸೆಲ್ಟಿಕ್ಸ್‌ನಿಂದ ಶುರುವಾಗುತ್ತದೆ. ಬಿಲ್ ರಸೆಲ್ ಆಡಿದ 13 ಋತುಗಳಲ್ಲಿ (1956–57ರಿಂದ 1968–69) ಈ ತಂಡ 11 ಬಾರಿ ಚಾಂಪಿಯನ್ ಆಯಿತು. 1959ರಿಂದ 1966ರವರೆಗೆ ಸತತ ಎಂಟು ಸಲ. ಆಗ ಲೀಗ್‌ನಲ್ಲಿದ್ದದ್ದು ಎಂಟೋ ಒಂಬತ್ತೋ ತಂಡ, ಈಗಿನಂತೆ 30 ಅಲ್ಲ ಎಂಬುದು ಹಳೆಯ ತಕರಾರು. ಆದರೆ ತಂಡಗಳು ಕಡಿಮೆಯಿದ್ದುದರಿಂದಲೇ ಪ್ರತಿಭೆ ಹಂಚಿಹೋಗಿರಲಿಲ್ಲ. ವಿಲ್ಟ್ ಚೇಂಬರ್ಲೇನ್‌ರಂಥ ದೈತ್ಯರನ್ನು ರಸೆಲ್ ಮತ್ತೆ ಮತ್ತೆ ಎದುರಿಸಬೇಕಿತ್ತು.

ರಸೆಲ್‌ಗೆ ಲೆಕ್ಕದ ಪುಸ್ತಕದಲ್ಲೂ ಅನ್ಯಾಯವಾಗಿದೆ. ಬುಟ್ಟಿಯತ್ತ ಹೊರಟ ಚೆಂಡನ್ನು ಗಾಳಿಯಲ್ಲೇ ತಡೆದು, ಅಂಕಣದಾಚೆ ಬಡಿಯದೆ ತನ್ನವರ ಕೈಗೆ ಸಿಗುವಂತೆ ತಟ್ಟುವುದು ಅವರ ವಿದ್ಯೆ. ಲೀಗ್ ‘ಬ್ಲಾಕ್’ಗಳನ್ನು ಎಣಿಸತೊಡಗಿದ್ದು 1973–74ರಲ್ಲಿ, ಅಷ್ಟರಲ್ಲಿ ಅವರು ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಬರೀ ಅಂಕಿಅಂಶ ಹಿಡಿದು ಹೋಲಿಸಿದರೆ ಆ ಸೆಲ್ಟಿಕ್ಸ್ ಬಲದ ದೊಡ್ಡ ಪಾಲು ಕಣ್ಣಿಗೇ ಬೀಳದು.

ನಂತರದ ದಶಕಗಳಲ್ಲೂ ಶ್ರೇಷ್ಠ ಪಟ್ಟಕ್ಕೆ ಹಕ್ಕುದಾರರಿದ್ದಾರೆ. ಲಾಸ್ ಏಂಜಲೀಸ್ ಲೇಕರ್ಸ್ 1971–72ರಲ್ಲಿ ಸತತ 33 ಪಂದ್ಯ ಗೆದ್ದು, 69–13ರಲ್ಲಿ (69 ಗೆಲುವು, 13 ಸೋಲು) ಋತು ಮುಗಿಸಿತು. 1985–86ರ ಸೆಲ್ಟಿಕ್ಸ್ ತವರಿನಲ್ಲಿ ಸೋತದ್ದು ಒಂದೇ ಪಂದ್ಯ.

ವಾದ ಹೆಚ್ಚು ಕಾವೇರಿದ್ದು 1995–96ರ ಶಿಕಾಗೊ ಬುಲ್ಸ್ (72–10) ಮತ್ತು 2015–16ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ (73–9) ನಡುವೆ. ಸ್ಟೀವ್ ಕರ್ ಮೊದಲನೆಯದರಲ್ಲಿ ಆಟಗಾರ, ಎರಡನೆಯದಕ್ಕೆ ಕೋಚ್. ಎದುರುಬದುರು ನಿಲ್ಲಿಸೋಣವೆಂದರೆ ಯಾವ ನಿಯಮದಲ್ಲಿ? 2001ರವರೆಗೆ ವಲಯ ರಕ್ಷಣೆಗೆ, ಅಂದರೆ ಎದುರಾಳಿ ಆಟಗಾರನ ಬದಲು ಅಂಕಣದ ಒಂದು ಭಾಗವನ್ನು ಕಾಯುವುದಕ್ಕೆ, ನಿರ್ಬಂಧವಿತ್ತು. 2004ರ ನಂತರ ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯುವುದನ್ನು ಬಿಗಿಯಾಗಿ ಹತ್ತಿಕ್ಕಲಾಯಿತು. 1979–80ರಲ್ಲಿ ಬಂದ ಮೂರು ಅಂಕದ ಗೆರೆಯೂ ಒಂದೇ ಕಡೆ ನಿಂತಿರಲಿಲ್ಲ. ಮುಂಭಾಗದಲ್ಲಿ 23 ಅಡಿ 9 ಅಂಗುಲ ದೂರವಿದ್ದ ಅದನ್ನು 1994ರಿಂದ ಮೂರು ಋತು 22 ಅಡಿಗೆ ಎಳೆಯಲಾಗಿತ್ತು. ಆ ಹತ್ತಿರದ ಗೆರೆಯಿಂದ ಬುಲ್ಸ್ ಹಾಕಿದ ಮೂರು ಅಂಕದ ಎಸೆತಗಳು 544. ದೂರದ ಗೆರೆಯಿಂದ ವಾರಿಯರ್ಸ್ ಹಾಕಿದವು 1077, ಅದರಲ್ಲಿ ಸ್ಟೀಫನ್ ಕರಿ ಒಬ್ಬರದೇ 402.

ಹಾಗಾಗಿ ಒಂದು ತಂಡ ತನ್ನ ಕಾಲದವರನ್ನು ಎಷ್ಟು ಅಂತರದಲ್ಲಿ ಮಣಿಸಿತು ಎಂದು ನೋಡುವುದೇ ನ್ಯಾಯ. 1972ರ ಲೇಕರ್ಸ್, 1996ರ ಬುಲ್ಸ್ ಎರಡರ ಸರಾಸರಿ ಅಂತರವೂ 12 ಅಂಕ ದಾಟಿತ್ತು; 73 ಗೆದ್ದ ವಾರಿಯರ್ಸ್‌ದು 11 ಮುಟ್ಟಲಿಲ್ಲ. ಫೈನಲ್‌ನಲ್ಲೂ 3–1ರ ಮುನ್ನಡೆಯಿದ್ದು ಕ್ಲೀವ್‌ಲ್ಯಾಂಡ್‌ಗೆ ಸೋತಿತು. ಕೆವಿನ್ ಡ್ಯುರಾಂಟ್ ಸೇರಿದ ಮರುವರ್ಷ ಗೆಲುವು 67ಕ್ಕೆ ಇಳಿದರೂ ಪ್ಲೇಆಫ್‌ನಲ್ಲಿ ಸೋತದ್ದು 17ರಲ್ಲಿ ಒಂದೇ ಪಂದ್ಯ. ವಾರಿಯರ್ಸ್ ಪರ ವಾದಿಸುವವರು ಮುಂದಿಡಬೇಕಾದದ್ದು ಆ 2017ರ ತಂಡವನ್ನು.