ಕ್ರಿಸ್‌ಮಸ್ ತಟ್ಟೆಯಲ್ಲಿ ನಮ್ಮ ಕರ್ಜಿಕಾಯಿ

ಗೋರ್ವಾದ ನಮ್ಮ ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ಹೋದ ವರ್ಷ ಮಂಗಳೂರಿನ ಸಹೋದ್ಯೋಗಿಯೊಬ್ಬರು ಕ್ರಿಸ್‌ಮಸ್‌ಗೆ 'ಕುಸ್ವಾರ್' ತಿಂಡಿಗಳ ತಟ್ಟೆ ಕೊಟ್ಟಾಗ, "ಮೊಟ್ಟೆ ಹಾಕಿಲ್ಲ" ಎಂದು ಅವರೇ ಹೇಳಿದ್ದರೂ ಅತ್ತೆಯವರ ಮುಂದಿಡಲು ಅಳುಕಿದೆ. ಅವರೇ ಮುಚ್ಚಳ ಸರಿಸಿ, "ಇದು ನಮ್ಮ ಕರ್ಜಿಕಾಯಿ ಅಲ್ವೇನೇ?" ಅಂದರು.

ಹೌದು, ಅದೇ. ಕೊಂಕಣಿಯಲ್ಲಿ ನೆವ್ರಿ, ಇಲ್ಲಿ ಗುಜರಾತಿನಲ್ಲಿ ದೀಪಾವಳಿಯ ಘೂಘ್ರಾ. 16ನೇ ಶತಮಾನದಿಂದ ಗೋವಾ ಬಿಟ್ಟು ದಕ್ಷಿಣ ಕನ್ನಡಕ್ಕೆ ಬಂದ ಕ್ಯಾಥೊಲಿಕ್ ಕುಟುಂಬಗಳು ಧರ್ಮ ಬದಲಾದರೂ ಹಳೆಯ ಒಲೆಯ ರುಚಿ ಬಿಡಲಿಲ್ಲ. ತೆಂಗು, ಎಳ್ಳು, ಏಲಕ್ಕಿಯ ಹೂರಣ. ಪಕ್ಕದಲ್ಲಿ ಚಕ್ಕುಲಿ, ಎಳ್ಳುಂಡೆ. ಹಿಟ್ಟನ್ನು ಬಾಚಣಿಗೆಗೋ ಫೋರ್ಕಿಗೋ ಒತ್ತಿ ಸುರುಳಿ ಮಾಡಿ ಕರಿಯುವುದು 'ಕಿಡಿಯೊ'. ಹಾಗೆಂದರೆ ಹುಳುಗಳು! ಹೆಸರು ಕೇಳಿ ನನ್ನ ಮಗಳು ಮೊದಲು ಮುಟ್ಟಲಿಲ್ಲ, ಆಮೇಲೆ ಬಟ್ಟಲು ಖಾಲಿ.

ಮೊಟ್ಟೆಯಿಲ್ಲದ ಬೇಕಿಂಗ್‌ಗಂತೂ ದೂರ ಹುಡುಕಬೇಕಿಲ್ಲ. 17ನೇ ಶತಮಾನದಲ್ಲಿ ಡಚ್ಚರು ಸೂರತ್‌ನಲ್ಲಿ ಕೋಠಿ ಹಾಕಿದ್ದರು. ಅವರ ಬೇಕರಿ ಕೊನೆಗೆ ದೋತಿವಾಲಾ ಎಂಬ ಪಾರ್ಸಿಯವರ ಕೈಗೆ ಬಂತಂತೆ. ಹಿಟ್ಟು ಹುದುಗಿಸಲು ಹಾಕುತ್ತಿದ್ದ ಸೇಂದಿಯನ್ನೂ ಮೊಟ್ಟೆಯನ್ನೂ ಊರಿನವರು ಒಲ್ಲೆ ಎಂದಾಗ, ಎರಡನ್ನೂ ಬಿಟ್ಟು ಮಾಡಿದ್ದೇ ನಾನ್‌ಖಟಾಯ್ ಎಂದು ಸೂರತ್‌ನವರು ಹೇಳುತ್ತಾರೆ. ಗಿರಾಕಿಯ ಮಡಿಯಿಂದ ಹುಟ್ಟಿದ ಬಿಸ್ಕತ್ತು!

ತಟ್ಟೆಯನ್ನು ಬರಿದಾಗಿ ಮರಳಿಸಬಾರದಲ್ಲ. ಈ ಡಿಸೆಂಬರ್ 24ರ ರಾತ್ರಿ ಆಫೀಸಿನ ಕಾಲ್ ಮುಗಿಸಿ, ಮೊಸರು, ಅಡುಗೆ ಸೋಡಾ ಹಾಕಿ ಖರ್ಜೂರದ ಕೇಕ್ ಮಾಡಿದೆ. ಅತ್ತೆಯವರು ಅದರ ಪಕ್ಕದಲ್ಲಿ ತಮ್ಮ ಕರ್ಜಿಕಾಯಿ ಜೋಡಿಸಿದರು.