ಹುಸಿ ಹೆಸರು, ದಿಟವಾದ ದೂರು

1837ರ ಮಾರ್ಚ್ ಕೊನೆಯಲ್ಲಿ ಸುಳ್ಯ ಸೀಮೆಯ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ದಾಟಿ, ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದರು. ಅವರ ಮುಂದಾಳುವನ್ನು ಕೊಡಗಿನ ಹಾಲೇರಿ ಅರಸು ಮನೆತನದ ಕಲ್ಯಾಣಸ್ವಾಮಿ ಎಂದು ಜನರಿಗೆ ಪರಿಚಯಿಸಲಾಗಿತ್ತು. ನಿಜದಲ್ಲಿ ಆತ ಪುಟ್ಟಬಸಪ್ಪನೆಂಬ ರೈತ.

ಹಾಗಾದರೆ ಜನ ಮೋಸಹೋದರೆ? ಅಷ್ಟೇ ಎಂದು ತೀರ್ಪು ಕೊಟ್ಟರೆ ಅವಸರವಾದೀತು. 1834ರಲ್ಲಿ ಕಂಪನಿ ಸರ್ಕಾರ ಕೊಡಗಿನ ಅರಸನನ್ನು ಪಟ್ಟದಿಂದಿಳಿಸಿ, ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕಣಜದಲ್ಲಿ ಭತ್ತವಿದ್ದವನೂ ಹಣಕ್ಕಾಗಿ ಪರದಾಡಬೇಕಾಯಿತು. ಉಪ್ಪು, ಹೊಗೆಸೊಪ್ಪಿನ ಸುಂಕ ರದ್ದೆಂಬ ಭರವಸೆ ಜನರ ಮನಸ್ಸಿಗೆ ನಾಟಿದ್ದು ಇದರಿಂದಲೇ. ಹೆಸರು ಹುಸಿ, ದೂರು ಮಾತ್ರ ದಿಟ.

ಸುಮಾರು 13 ದಿನಗಳಲ್ಲಿ ಮಂಗಳೂರು ಕೈತಪ್ಪಿತು. ಪುಟ್ಟಬಸಪ್ಪನೊಂದಿಗೆ ಇತರರೂ ಗಲ್ಲಿಗೇರಿದರು. ದಂಗೆಗೆ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿ, ಎಂಬ ಹೆಸರು ಅಂಟಿತು. ಗೆದ್ದವರ ಕಡೆಯಿಂದ ನೋಡಿದ ಆ ಹೆಸರೂ ಒಂದು ಬಗೆಯ ಅಪಪ್ರಚಾರವೇ. ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನಲ್ಲಿ ನಿಂತದ್ದು 2022ರಲ್ಲಿ.

ಅಂದಿನ ರೈತನಿಗೆ ಮತವಿರಲಿಲ್ಲ. ಸುದ್ದಿಯನ್ನು ಒರೆಗೆ ಹಚ್ಚಲು ಪತ್ರಿಕೆಯೂ ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದೇ 1843ರಲ್ಲಿ. ಇಂದು ಪುತ್ತೂರು, ಸುಳ್ಯ, ಕಡಬದ ಮತದಾರರಿಗೆ ಎರಡೂ ಇವೆ. ಅವರನ್ನು ದಡ್ಡರೆಂದು ಬಗೆಯುವುದಕ್ಕಿಂತ ಅವರ ದೂರಿಗೆ ಕಿವಿಗೊಡುವುದು ಲೇಸು. ಯಾರೂ ಕೇಳಿಸಿಕೊಳ್ಳದ ದೂರಿನ ಬೆನ್ನೇರಿಯೇ ಹುಸಿ ಊರು ಸುತ್ತುತ್ತದೆ.